ಟೈಪಿಂಗ್ ಕಾಕ ಒತ್ತಿದ ಒಂದು ‘ಹೌದು’

ಅವರ ಬಲಗೈಯ ತೋರುಬೆರಳು ತುದಿಯಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಉಗುರು ಅರ್ಧ ಮಾತ್ರ ಇತ್ತು. ಉಳಿದರ್ಧದ ಜಾಗದಲ್ಲಿ ಹಳೆಯ ಗಾಯದ ನುಣುಪಾದ ಬಿಳಿ ಚರ್ಮ. ಕೈತುಂಬ ಬೆರಳಿದ್ದರೂ ಅವರು ಟೈಪ್ ಮಾಡುತ್ತಿದ್ದದ್ದು ಆ ಒಂದು ಬೆರಳು ಮತ್ತು ಎಡಗೈಯ ಇನ್ನೊಂದರಿಂದ ಮಾತ್ರ. ಕೋಳಿ ಕಾಳು ಹೆಕ್ಕಿದ ಹಾಗೆ ಟಕ್, ಟಕ್, ಟಕ್. ಆದರೂ ದುಬೈಯ ದೇರಾದ ಆ ಗಲ್ಲಿಯಲ್ಲಿ ಅವರಷ್ಟು ಬೇಗ ಫಾರ್ಮು ಮುಗಿಸಿ ಕೊಡುವವರು ಇನ್ನೊಬ್ಬರಿರಲಿಲ್ಲ.

ನಾವೆಲ್ಲ ಅವರನ್ನು ಟೈಪಿಂಗ್ ಕಾಕ ಎನ್ನುತ್ತಿದ್ದೆವು. ಆಗ ದುಬೈಯಲ್ಲಿ ವೀಸಾ, ಮೆಡಿಕಲ್, ಐಡಿ ಕಾರ್ಡು, ಯಾವುದಕ್ಕೆ ಅರ್ಜಿ ಹಾಕುವುದಿದ್ದರೂ ಅದನ್ನು ಅರಬ್ಬಿಯಲ್ಲಿ ಟೈಪ್ ಮಾಡಿಸಬೇಕಿತ್ತು. ಅದಕ್ಕೆಂದೇ ಟೈಪಿಂಗ್ ಸೆಂಟರ್ ಎಂಬ ಸಣ್ಣ ಸಣ್ಣ ಅಂಗಡಿಗಳು. ಅಂಥ ಒಂದರಲ್ಲಿ ಇಪ್ಪತ್ತೈದು ವರ್ಷ ಕುಳಿತವರು ಅವರು. ಉಳ್ಳಾಲದ ಕಡೆಯ ಬ್ಯಾರಿ. ಅರಬ್ಬಿ ಅಕ್ಷರಗಳನ್ನು ಚಿಕ್ಕಂದಿನಲ್ಲಿ ಮದರಸಾದಲ್ಲಿ ಕಲಿತದ್ದು. ಅರ್ಥ ಕಲಿತದ್ದು ಇಲ್ಲಿಗೆ ಬಂದ ಮೇಲೆ, ಫಾರ್ಮುಗಳಿಂದ. ಹಾಗಾಗಿ ಅವರ ಅರಬ್ಬಿಯಲ್ಲಿ ‘ಪ್ರಾಯೋಜಕ’, ‘ವಾಯಿದೆ’, ‘ರದ್ದು’ ಎಲ್ಲ ಇದ್ದವು. ‘ಮಳೆ’ಗೆ ಏನೆನ್ನುತ್ತಾರೆಂದು ನಾನೊಮ್ಮೆ ಕೇಳಿದರೆ, “ಫಾರ್ಮಿನಲ್ಲಿ ಮಳೆ ಬರುದಿಲ್ಲ ತಂಗಿ” ಎಂದರು.

ನಾನು ಉಡುಪಿ ಕಡೆಯವಳು. ನಮ್ಮಿಬ್ಬರ ಮಾತು ಅರ್ಧ ತುಳು, ಅರ್ಧ ಕನ್ನಡ. ನನ್ನ ಆಫೀಸು ಅವರ ಅಂಗಡಿಯ ಎದುರು ಕಟ್ಟಡದಲ್ಲಿ. ಕೆಲಸ ಆರೋಗ್ಯವಿಮೆಯ ಕ್ಲೇಮು ನೋಡುವುದು. ಬಿಡಿಸಿ ಹೇಳಬೇಕೆಂದರೆ, ವಿಮೆ ಮಾಡಿಸುವಾಗ ‘ನನಗೆ ಯಾವ ಕಾಯಿಲೆಯೂ ಇಲ್ಲ’ ಎಂದು ಬರೆದವರು ಆಮೇಲೆ ಆಸ್ಪತ್ರೆ ಬಿಲ್ಲು ಹಿಡಿದುಕೊಂಡು ಬಂದರೆ, ಅವರು ಹೇಳಿದ್ದು ಸುಳ್ಳೋ ನಿಜವೋ ಎಂದು ಹಳೆಯ ಕಾಗದ ಕೆದಕುವುದು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವಳಿಗೆ ಮನುಷ್ಯರ ಮೇಲೆ ಎಷ್ಟು ನಂಬಿಕೆ ಉಳಿದೀತೋ ಅಷ್ಟೇ ನನ್ನಲ್ಲೂ ಉಳಿದಿತ್ತು.

ಕಾಕನ ಕೆಲಸ ಇದಕ್ಕೆ ಸರಿಯಾಗಿ ತದ್ವಿರುದ್ಧ. ಅವರ ಕೀಬೋರ್ಡಿನಲ್ಲಿ ಒಂದು ಕೀಯ ಮೇಲೆ ಅಕ್ಷರವೇ ಇರಲಿಲ್ಲ, ಪೂರ್ತಿ ಸವೆದುಹೋಗಿತ್ತು. ಅರಬ್ಬಿಯಲ್ಲಿ ‘ಇಲ್ಲ’ ಎನ್ನುವುದಕ್ಕೆ ‘ಲಾ’. ಎರಡು ಅಕ್ಷರ ಸೇರಿದ್ದಾದರೂ ಕೀಬೋರ್ಡಿನಲ್ಲಿ ಅದಕ್ಕೆ ಒಂದೇ ಕೀ. ‘ಹೌದು’ ಎನ್ನುವುದಕ್ಕೆ ‘ನಅಮ್’. ಅದಕ್ಕೆ ನೂನ್, ಐನ್, ಮೀಮ್ ಎಂಬ ಮೂರು ಕೀ ಒತ್ತಬೇಕು. ಇದನ್ನು ನನಗೆ ತೋರಿಸಿಕೊಟ್ಟವರೇ ಅವರು. “ನೋಡು, ಮೆಷಿನ್ ಮಾಡಿದವನಿಗೇ ಗೊತ್ತುಂಟು. ಇಲ್ಲ ಹೇಳುದು ಸುಲಭ ಆಗ್ಬೇಕು ಅಂತ.”

ಹಿಂದೆ ಯಾವ ಕಾಯಿಲೆಯಾದರೂ ಇತ್ತೇ? ಲಾ. ಆಪರೇಶನ್? ಲಾ. ಅಲರ್ಜಿ? ಲಾ. ಗಿರಾಕಿಯನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಗಲ್ಫಿನಲ್ಲಿ ದುಡಿಯುವವನಿಗೆ ಮೆಡಿಕಲ್ ಎಂದರೆ ಏನು ಭಯ ಎಂಬುದು ಊರಲ್ಲಿ ಕುಳಿತವರಿಗೆ ಗೊತ್ತಾಗುವುದಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಒಂದು ಹಳೆಯ ಕಲೆ ಕಂಡು ವೀಸಾ ಹೋದವರ ಕತೆ ಪ್ರತಿ ರೂಮಿನಲ್ಲೂ ಒಂದಿರುತ್ತದೆ. ಹಾಗಾಗಿ ಕಾಕನ ಒಂದೇ ಉಪದೇಶ: “ಬಾಯಿ ಬಿಟ್ಟರೆ ಬಣ್ಣಗೇಡು. ಕೇಳಿದ್ದಕ್ಕೆಲ್ಲ ಇಲ್ಲ ಹೇಳು, ಮನೆಗೆ ಹೋಗು.” ಅವರು ಬರೆದ ‘ಇಲ್ಲ’ಗಳನ್ನು ಅನುಮಾನಿಸುವುದಕ್ಕೇ ನನಗೆ ಸಂಬಳ. ಇದನ್ನು ಹೇಳಿ ನಾವಿಬ್ಬರೂ ಎಷ್ಟೋ ಸಲ ನಕ್ಕಿದ್ದೇವೆ.

ನನಗೆ ನಲವತ್ತು ತುಂಬುವ ವರ್ಷ ಒಂದು ನಿರ್ಧಾರ ಮಾಡಿದೆ: ಈ ಸಲದ ರಜೆಗೆ ಊರಿಗೆ ಹೋಗುವುದಿಲ್ಲ. ಮದುವೆಯಾಗದ ಹೆಂಗಸಿನ ರಜೆ ಹೇಗಿರುತ್ತದೆಂದರೆ, ಮೂವತ್ತು ದಿನದಲ್ಲಿ ಹತ್ತು ದಿನ ಬೇರೆಯವರ ಮದುವೆ, ಹತ್ತು ದಿನ ‘ನಿನ್ನದು ಯಾವಾಗ’, ಉಳಿದ ಹತ್ತು ದಿನ ಹಲ್ಲಿನ ಡಾಕ್ಟರು. ಸಾಕಾಗಿತ್ತು. ಆಫೀಸಿನಲ್ಲಿ ನನ್ನ ಎದುರು ಮೇಜಿನ ಫಿಲಿಪೀನೊ ಗೆಳತಿ ಶುಕ್ರವಾರ ಬಂತೆಂದರೆ ಫುಜೈರಾಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವವಳು. ಅವಳೇ ಆಸೆ ಹುಟ್ಟಿಸಿದ್ದು. ಕೆರಿಬಿಯನ್ನಿನಲ್ಲಿ ಡೊಮಿನಿಕಾ ಎಂಬ ಪುಟ್ಟ ದ್ವೀಪ. ಅಲ್ಲಿ ನೆಲದೊಳಗಿನ ಬಿಸಿಗೆ ಸಮುದ್ರದ ತಳದಿಂದಲೇ ಗುಳ್ಳೆಗಳು ಏಳುತ್ತವಂತೆ, ಅವುಗಳ ನಡುವೆ ಈಜಬಹುದಂತೆ. ಇಬ್ಬರೂ ಹೋಗುವುದು, ಹತ್ತು ದಿನ ಇರುವುದು, ನಾನು ಅಲ್ಲಿಯೇ ಡೈವಿಂಗ್ ಕಲಿಯುವುದು. ಅಲ್ ನಹ್ದಾದ ನಮ್ಮ ಕಟ್ಟಡದ ಮಾಳಿಗೆಯ ಕೊಳದಲ್ಲಿ ಐದು ತಿಂಗಳು ಬೆಳಬೆಳಗ್ಗೆ ಈಜಿದೆ. ಬದುಕಿನಲ್ಲಿ ಒಂದು ರಜೆ, ಒಂದೇ ಒಂದು, ನನ್ನದೇ ಆಗಿರಬೇಕಿತ್ತು.

ಕಾಕನಿಗೆ ಹೇಳಿದಾಗ ಅವರ ಮೊದಲ ಪ್ರಶ್ನೆ, “ವೀಸಾ?”

“ನಮ್ಮ ಪಾಸ್‌ಪೋರ್ಟಿಗೆ ಬೇಡವಂತೆ ಕಾಕ.”

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇಂಡಿಯನ್ ಪಾಸ್‌ಪೋರ್ಟಿಗೆ ವೀಸಾ ಬೇಡವಾ? ಹಾಗಾದ್ರೆ ಆ ದೇಶದಲ್ಲಿ ಎಂತದೋ ತೊಂದರೆ ಉಂಟು. ಸರಿ ವಿಚಾರಿಸು.”

ದಾರಿ ಮಾತ್ರ ಲಂಡನ್ ಮೇಲೆ, ಅದಕ್ಕೆ ವೀಸಾ ಬೇಕಿತ್ತು. ಆ ಅರ್ಜಿ ತುಂಬಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಂಗಡಿಯಲ್ಲಿ ನಾಲ್ಕೈದು ಜನ ಕಾಯುತ್ತಿದ್ದರು. ಕಾಕ ಒಂದೊಂದೇ ಪ್ರಶ್ನೆಯನ್ನು ಕನ್ನಡ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದರು.

“ತಂಗಿ, ಯುದ್ಧದಲ್ಲಿ ಅಪರಾಧ ಎಂತದಾದ್ರೂ ಮಾಡಿದ್ದುಂಟಾ?”

“ಇಲ್ಲ ಕಾಕ.”

“ಭಯೋತ್ಪಾದನೆ?”

“ನಮ್ಮ ಮ್ಯಾನೇಜರನ್ನು ಇನ್ನೂ ಜೀವಸಹಿತ ಬಿಟ್ಟಿದ್ದೇನೆ.”

“ಇಲ್ಲ ಅಂತ ಹಾಕಿದೆ,” ಎಂದರು, ಮುಖದಲ್ಲಿ ನಗೆಯ ಸುಳಿವೂ ಇಲ್ಲದೆ.

ವೀಸಾ ಬಂತು. ಟಿಕೆಟ್ ಆಯಿತು. ಕೊನೆಗೆ ಬಂದದ್ದು ದ್ವೀಪದ ಡೈವಿಂಗ್ ಶಾಲೆಯಿಂದ ಒಂದು ಪುಟದ ಆರೋಗ್ಯದ ಫಾರ್ಮು. ತುಂಬಿ ಮೊದಲೇ ಕಳಿಸಿಕೊಡಬೇಕು. ನಾನೇ ತುಂಬಬಹುದಿತ್ತು. ಆದರೆ ಫಾರ್ಮು ಎಂದರೆ ಕಾಕ ಎಂದು ಅಭ್ಯಾಸವಾಗಿಹೋಗಿತ್ತು. ನನ್ನ ಇಮೇಲನ್ನು ಮಾಡಿಕೊಟ್ಟವರೂ ಅವರೇ. ಅದರ ಪಾಸ್‌ವರ್ಡು, ಗಲ್ಲಿಯ ಅರ್ಧ ಜನರ ಪಾಸ್‌ವರ್ಡುಗಳ ಜತೆಗೆ, ಅವರ ರೆಕ್ಸಿನ್ ಹೊದಿಕೆಯ ಪುಸ್ತಕದಲ್ಲಿತ್ತು. ಯಾರಿಗೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಪಾಸ್‌ವರ್ಡು ಮರೆತವನು ಕಾಕನಿಗೇ ಫೋನು ಮಾಡುತ್ತಿದ್ದ.

ಹೃದಯದ ತೊಂದರೆ? ಇಲ್ಲ. ಸಕ್ಕರೆ ಕಾಯಿಲೆ? ಇಲ್ಲ. ಫಿಟ್ಸು? ಇಲ್ಲ. ಪ್ರಶ್ನೆ ಮುಗಿಯುವ ಮೊದಲೇ ಬೆರಳು ಕೆಳಗಿಳಿಯುತ್ತಿತ್ತು. “ಉಬ್ಬಸ, ದಮ್ಮು, ಉಸಿರಿನ...” ಎನ್ನುತ್ತಾ ಆ ಸೊಟ್ಟ ಬೆರಳು ಗಾಳಿಯಲ್ಲಿ ನಿಂತುಬಿಟ್ಟಿತು. ಅಷ್ಟು ವರ್ಷಗಳಲ್ಲಿ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

“ಇದನ್ನು ಕೇಳುದು ಯಾರು? ಸರಕಾರವಾ?”

“ಅಲ್ಲ, ಡೈವಿಂಗ್ ಕಲಿಸುವವರು.”

“ಎಷ್ಟು ಕೆಳಗೆ ಇಳೀಲಿಕ್ಕುಂಟು?”

“ಅರವತ್ತಡಿ.”

“ಹಾಗಾದ್ರೆ ಇದಕ್ಕೆ ಹೌದು ಹಾಕುವ,” ಎಂದರು. “ಧೂಳು ಎದ್ದ ದಿನ ನೀನು ಇಲ್ಲಿ ಕೂತು ಪಂಪು ಎಳೆದದ್ದು ನಾನು ನೋಡಿದ್ದೇನೆ.”

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ವರ್ಷಕ್ಕೆ ಎರಡೋ ಮೂರೋ ಸಲ ಬರುವ ದಮ್ಮು ಅದು. ಹೌದು ಎಂದರೆ ಡಾಕ್ಟರ ಸಹಿ ಬೇಕು ಎಂದು ಫಾರ್ಮಿನ ಅಡಿಯಲ್ಲೇ ಬರೆದಿತ್ತು. ಡಾಕ್ಟರು ಸಹಿ ಹಾಕದಿದ್ದರೆ ರಜೆಗೆ ಎಳ್ಳುನೀರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ. “ಊರಿಗೆಲ್ಲ ಇಲ್ಲ ಬರೆದು ನನಗೊಬ್ಬಳಿಗೆ ಹೌದಾ ಕಾಕ?” ಎಂದು ಕಾಗದ ಕಸಿದುಕೊಂಡು ಬಂದೆ. ಆಫೀಸಿನಲ್ಲಿ ಕುಳಿತು, ಎಲ್ಲದಕ್ಕೂ ಇಲ್ಲ ಎಂದು ನಾನೇ ತುಂಬಿ ಕಳಿಸಿದೆ. ಇಂಥದ್ದೇ ಸುಳ್ಳಿಗೆ ಆ ಬೆಳಗ್ಗೆ ಒಬ್ಬನ ಕ್ಲೇಮು ತಿರಸ್ಕರಿಸಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮೂರು ದಿನ ಬಿಟ್ಟು ದ್ವೀಪದಿಂದ ಉತ್ತರ ಬಂತು. ನೀವು ಕಳಿಸಿದ ತಿದ್ದುಪಡಿಯ ಫಾರ್ಮು ತಲುಪಿದೆ, ಪ್ರಾಮಾಣಿಕವಾಗಿ ತಿಳಿಸಿದ್ದಕ್ಕೆ ವಂದನೆ, ಶ್ವಾಸಕೋಶದ ಡಾಕ್ಟರ ಪತ್ರವಿಲ್ಲದೆ ನಿಮ್ಮನ್ನು ನೀರಿಗೆ ಇಳಿಸಲಾಗದು. ನಾನು ಯಾವ ತಿದ್ದುಪಡಿಯನ್ನೂ ಕಳಿಸಿರಲಿಲ್ಲ. ಇಮೇಲು ತೆರೆದು ನೋಡಿದರೆ, ನನ್ನ ಹೆಸರಿನಿಂದಲೇ ಹೋಗಿತ್ತು. ದಮ್ಮಿನ ಪ್ರಶ್ನೆಯ ಎದುರು ‘ಯೆಸ್’.

ರಸ್ತೆ ದಾಟಿ ಹೋಗಿ, ಗಿರಾಕಿಗಳ ಎದುರೇ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಎಂದೆ. ನಂಬಿ ಕೊಟ್ಟ ಪಾಸ್‌ವರ್ಡನ್ನು ಹೀಗೆ ಬಳಸಿದ ನಿಮ್ಮನ್ನು ಪೊಲೀಸರಿಗೆ ಕೊಡಬೇಕು ಎಂದೆ. ಒಬ್ಬ ಪಠಾಣ ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟ. ಕಾಕ ನನ್ನ ಉಸಿರು ತಿರುಗುವವರೆಗೆ ಕಾದು, ಬಲಗೈಯನ್ನು ಮೇಜಿನ ಮೇಲೆ ಚಾಚಿದರು.

“ಈ ಬೆರಳು ಎಂತದರಲ್ಲಿ ಹೋದದ್ದು ಗೊತ್ತುಂಟಾ?”

ಹದಿನೇಳು ಹದಿನೆಂಟರ ಪ್ರಾಯದಲ್ಲಿ ಅವರು ಊರ ಕಡಲಿನ ಬಂಡೆಗಳಿಂದ ನೀಲಿಕಲ್ಲು ಕೀಳಲು ಮುಳುಗುತ್ತಿದ್ದರಂತೆ. ನೀಲಿಕಲ್ಲು ಎಂದರೆ ಬಂಡೆಗೆ ಕಚ್ಚಿಕೊಂಡು ಬೆಳೆಯುವ ಕಪ್ಪು ಚಿಪ್ಪು. ನಮ್ಮ ಕರಾವಳಿಯವರಿಗೆ ತೆಂಗಿನತುರಿ ಹಾಕಿ ಮಾಡುವ ಅದರ ಸುಕ್ಕವೆಂದರೆ ಜೀವ. “ನನ್ನೊಟ್ಟಿಗೆ ಒಬ್ಬ ಬರ್ತಿದ್ದ. ಅವನಿಗೆ ದಮ್ಮು ಉಂಟು. ನಮಗೆ ಹೇಳ್ಲಿಲ್ಲ. ಹೇಳಿದ್ರೆ ಕರ್ಕೊಂಡು ಹೋಗುದಿಲ್ಲ ಅಂತ.”

“ಮತ್ತೆ?”

“ಮತ್ತೆ ಎಂತ. ಅವನನ್ನು ಎಳೀಲಿಕ್ಕೆ ಹೋಗಿ ಬಂಡೆಯ ಸಂದಿಯಲ್ಲಿ ಇದು ಸಿಕ್ಕಿದ್ದು. ಬೆರಳು ಇಷ್ಟಾದ್ರೂ ಬಂತು. ಅವನು ಬರ್ಲಿಲ್ಲ.” ಕೈಯನ್ನು ಹಿಂದಕ್ಕೆ ಎಳೆದುಕೊಂಡು ಹೇಳಿದರು: “ಆಫೀಸರ್ ಹತ್ರ ಸುಳ್ಳು ಹೇಳು ತಂಗಿ, ಅವನು ಕಾಗದ ನೋಡ್ತಾನೆ. ನೀರು ಕಾಗದ ನೋಡುದಿಲ್ಲ.”

ಆಗಲೂ ನನ್ನ ಸಿಟ್ಟು ಇಳಿಯಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಕಾಕ ಹೆದರಿದ್ದು ಬರಿಗೈಯಲ್ಲಿ ಮುಳುಗುವ ಕಾಲದ ಹೆದರಿಕೆ. ಈಗ ಸಿಲಿಂಡರು ಇದೆ, ಕಲಿಸುವವರು ಇದ್ದಾರೆ. ಅವರಿಗೆ ತೋರಿಸಿಕೊಡಬೇಕೆಂದೇ ಡಾಕ್ಟರ ಬಳಿ ಹೋದೆ. ಡಾಕ್ಟರು ಊದಿಸಿದರು, ಮೆಟ್ಟಿಲು ಹತ್ತಿಸಿದರು, ಕೊನೆಗೆ ಸ್ಕ್ಯಾನ್ ಮಾಡಿಸಿದರು. ದಮ್ಮು ದೊಡ್ಡದಾಗಿರಲಿಲ್ಲ. ಆದರೆ ಬಲಗಡೆಯ ಶ್ವಾಸಕೋಶದ ತುದಿಯಲ್ಲಿ ಒಂದು ತೆಳು ಗುಳ್ಳೆ ಇತ್ತು, ಗಾಳಿ ತುಂಬಿಕೊಂಡು. ನೆಲದ ಮೇಲೆ ಅದು ನನ್ನ ಪಾಡಿಗೆ ನನ್ನನ್ನು ಬಿಟ್ಟಿತ್ತು. “ಕೆಳಗೆ ಇಳಿಯುವಾಗ ನಿಮಗೆ ಗೊತ್ತೇ ಆಗುತ್ತಿರಲಿಲ್ಲ,” ಎಂದರು ಡಾಕ್ಟರು. “ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗುತ್ತದೆ. ಇದು ಒಡೆಯುತ್ತಿತ್ತು.” ಸ್ಕ್ಯಾನಿನ ಚಿತ್ರವನ್ನು ಕವರಿಗೆ ಹಾಕಿ ಕೊಟ್ಟರು. ಟ್ಯಾಕ್ಸಿಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತವಳಿಗೆ ಮನೆ ಬಂದದ್ದೂ ತಿಳಿಯಲಿಲ್ಲ.

ಗೆಳತಿ ಒಬ್ಬಳೇ ಹೋದಳು. ನಾನು ಒಂದು ಡಬ್ಬಿ ಹಲ್ವ ಹಿಡಿದುಕೊಂಡು ಟೈಪಿಂಗ್ ಸೆಂಟರಿಗೆ ಹೋದೆ. ಏನು ಹೇಳಬೇಕೆಂದು ದಾರಿಯಲ್ಲಿ ಮೂರು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಡಾಕ್ಟರು ಹೇಳಿದ್ದನ್ನು ಹೇಳುತ್ತಿದ್ದ ಹಾಗೆ ಕಾಕನ ಮುಖ ಬಿಳಿಚಿಕೊಂಡಿತು. ಮುಂದಿನದಕ್ಕೆ ಅವರು ಬಿಡಲಿಲ್ಲ. “ಖಲಾಸ್, ಖಲಾಸ್. ಪಾಸ್‌ವರ್ಡ್ ಚೇಂಜ್ ಮಾಡಿದಿಯಾ?”

“ಮಾಡಿದೆ.”

“ಒಳ್ಳೇದು. ಹೊಸದು ಎಂತ?” ಎಂದು ರೆಕ್ಸಿನ್ ಪುಸ್ತಕ ತೆಗೆದರು. ನಾನು, ಪುಣ್ಯಾತ್ಗಿತ್ತಿ, ಹೇಳಿಯೂಬಿಟ್ಟೆ.

ಗೆಳತಿ ಕಳಿಸಿದ ವಿಡಿಯೊವನ್ನು ಅವರು ನನ್ನ ಫೋನಿನಲ್ಲಿ ನಾಲ್ಕು ಸಲ ನೋಡಿದರು. ತಳದ ಕಲ್ಲಿನ ಸಂದಿಗಳಿಂದ ಗುಳ್ಳೆಗಳು ಸಾಲು ಸಾಲಾಗಿ ಏಳುತ್ತಿದ್ದವು, ಅವಳು ಅವುಗಳ ನಡುವೆ ಕೈಯಾಡಿಸುತ್ತಿದ್ದಳು. ಕಾಕ ಮೂಗಿನ ಹತ್ತಿರ ಫೋನು ಹಿಡಿದು ಬಂಡೆಗಳನ್ನು ಮಾತ್ರ ನೋಡುತ್ತಿದ್ದರು. “ಇಷ್ಟು ಸಾಮಾನು ಕಟ್ಟಿಕೊಂಡು ಹೋದದ್ದು, ಒಂದು ನೀಲಿಕಲ್ಲು ಸಹ ತರ್ಲಿಲ್ಲವಾ ಅವಳು?”

ಅದಾಗಿ ಒಂದೋ ಎರಡೋ ವರ್ಷಕ್ಕೆ ದುಬೈಯಲ್ಲಿ ದುಡಿಯುವ ಎಲ್ಲರಿಗೂ ಆರೋಗ್ಯವಿಮೆ ಕಡ್ಡಾಯವಾಯಿತು. ಗಲ್ಲಿಯ ಅಂಗಡಿಗಳವರ, ಕೆಲಸದವರ ಫಾರ್ಮುಗಳನ್ನೆಲ್ಲ ಕಾಕ ಕೂತು ಟೈಪ್ ಮಾಡಿದರು. ತಮ್ಮದನ್ನೂ. ಆಗ ಅವರಿಗೆ ಅರವತ್ತು ದಾಟಿತ್ತು. ಆ ವಯಸ್ಸಿನ ಮೇಲೆ ವೀಸಾ ಮುಂದುವರಿಸುವುದು ಅಂಗಡಿ ಮಾಲಕನ ಮರ್ಜಿ. ಊರಲ್ಲಿ ಅವರ ಕಿರಿಯ ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೆರಡು ವರ್ಷವಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಒಂದಕ್ಕೊಂದು ಸೇರಿಸಿ ನೋಡಿರಲಿಲ್ಲ, ಅಷ್ಟೆ.

ಒಂದು ಸಂಜೆ ನನ್ನ ಬಾಡಿಗೆ ಕರಾರು ಟೈಪ್ ಮಾಡುತ್ತಾ ಅವರು ಕೇಳಿದರು. “ತಂಗಿ, ಒಬ್ಬ ಫಾರ್ಮಿನಲ್ಲಿ ಇಲ್ಲ ಅಂತ ಬರ್ದಿದ್ದಾನೆ. ಆಮೇಲೆ ಉಂಟು ಅಂತ ಆಸ್ಪತ್ರೆಗೆ ಹೋದ್ರೆ ನೀವು ಎಂತ ಮಾಡ್ತೀರಿ?”

ನಾನು ಫೋನಿನಿಂದ ತಲೆಯೆತ್ತಲಿಲ್ಲ. “ಹಳೇ ಫೈಲು ತೆಗೀತೇವೆ. ಮೊದಲೇ ಇತ್ತು ಅಂತ ಗೊತ್ತಾದ್ರೆ ರಿಜೆಕ್ಟ್. ಅವನ ಕಂಪನಿಗೂ ಬರೀತೇವೆ. ಯಾಕೆ?”

“ಎಂತ ಇಲ್ಲ. ಗಿರಾಕಿ ಒಬ್ಬ ಕೇಳಿದ.”

ಟಕ್, ಟಕ್ ಎಂದು ಕರಾರು ಮುಗಿಸಿ ಕೊಟ್ಟರು. ನಾನು ತೆಗೆದುಕೊಂಡು ಬಂದೆ.

ಅವರು ತೀರಿಕೊಂಡದ್ದು ಒಂದು ಶುಕ್ರವಾರ, ಮಧ್ಯಾಹ್ನದ ನಮಾಜಿಗೆ ಹೊರಡಬೇಕೆನ್ನುವಾಗ. ದೇರಾದಲ್ಲಿ ಅವರಿದ್ದ ರೂಮಿನಲ್ಲಿ ಆರು ಜನ. ಅವರ ಮಂಚದ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹರವಿತ್ತು. ಅದನ್ನು ತೊಡುವ ಮೊದಲೇ ಕುಸಿದರಂತೆ. ಹೃದಯ. ಹೀಗೆಂದು ನನಗೆ ಹೇಳಿದವರು ಅವರ ಪಕ್ಕದ ಮಂಚದವರು, ಊರಿನವರೇ, ಮೀನು ಮಾರ್ಕೆಟ್ಟಿನಲ್ಲಿ ಕೆಲಸ. ಮರುದಿನ ಕಾಗದಪತ್ರಕ್ಕೆ ಓಡಾಡಲು ಯಾರಾದರೂ ಬೇಕೆಂದು ನನ್ನನ್ನು ಕರೆದರು.

“ಇದ್ದಕ್ಕಿದ್ದ ಹಾಗೆಯಾ?” ಎಂದು ಕೇಳಿದೆ.

ಅವರು ನನ್ನ ಮುಖ ನೋಡಲಿಲ್ಲ. “ಇಲ್ಲ ಅಕ್ಕ. ನಾಲ್ಕು ವರ್ಷದಿಂದ ಉಂಟು. ಊರಿನಿಂದ ಮಾತ್ರೆ ತರಿಸ್ತಿದ್ರು, ಚಾಪುಡಿ ಡಬ್ಬಿಯಲ್ಲಿ ಇಟ್ಟು. ಹೋದ ತಿಂಗಳಿನಿಂದ ಎದೆ ಹಿಡೀತದೆ ಅಂತಿದ್ರು. ಆಸ್ಪತ್ರೆಗೆ ಹೋಗುವ ಅಂದ್ರೆ, ಇಲ್ಲ ಅಂತ ಬರ್ದಾಗಿದೆ, ಈಗ ಉಂಟು ಅಂತ ಹೇಗೆ ಹೋಗುದು, ವೀಸಾ ಹೋಗ್ತದೆ ಅಂತ.”

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ಅದೇ ಹೇಳಿದೆ ನಾನು, ಎದುರಿನ ಅಕ್ಕನ ಹತ್ರ ಕೇಳಿ ಅಂತ. ಕೇಳಿದೆ ಅಂತ ಹೇಳಿದ್ರು.”

ನಾನು ಅಲ್ಲೇ ರೂಮಿನ ಹೊರಗಿನ ಮೆಟ್ಟಿಲ ಮೇಲೆ ಕುಳಿತೆ. ಮೇಜಿನ ಆ ಬದಿಯಿಂದ ಅವರು ನನ್ನ ಸುಳ್ಳನ್ನು ಕಂಡುಹಿಡಿದು ನನ್ನನ್ನು ಬದುಕಿಸಿದ್ದರು. ಸುಳ್ಳು ಹಿಡಿಯುವುದೇ ಕೆಲಸವಾದ ನಾನು ಈ ಬದಿಯಲ್ಲಿ ಕುಳಿತು ತಲೆಯೆತ್ತಲಿಲ್ಲ. ನನಗೆ ಅಳು ಬಂತು. ಅವರ ಮೇಲೆ ಸಿಟ್ಟೂ ಬಂತು, ಇವತ್ತಿಗೂ ಬರುತ್ತದೆ.

ಕಾಗದ ಟೈಪ್ ಮಾಡಿಸಲು ಬರ್ ದುಬೈಯ ಬೇರೊಂದು ಟೈಪಿಂಗ್ ಸೆಂಟರಿಗೆ ಹೋಗಬೇಕಾಯಿತು. ಕಾಕನ ಅಂಗಡಿಗೆ ಬೀಗ ಬಿದ್ದಿತ್ತಲ್ಲ. ಅಲ್ಲಿದ್ದವರು ಒಬ್ಬ ಮಲಯಾಳಿ ಹೆಂಗಸು, ಹತ್ತೂ ಬೆರಳು ಆಡಿಸುವವರು. ಮೊದಲು ವೀಸಾ ರದ್ದು ಮಾಡುವ ಅರ್ಜಿ. ಅಷ್ಟು ಕಾಪಾಡಿಕೊಂಡಿದ್ದ ವೀಸಾ ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಮರಣದ ವಿವರದ ಫಾರ್ಮು. ಹೆಸರು, ಊರು, ಪ್ರಾಯ. ಒಂದು ಕಾಲಮ್ಮಿಗೆ ಬಂದು ಅವರು ತಲೆಯೆತ್ತಿದರು.

“ಮೊದಲಿಂದ ಏನಾದರೂ ಅಸುಖ ಇತ್ತಾ?”

“ಇಲ್ಲ,” ಎಂದುಬಿಟ್ಟರು ಮೀನು ಮಾರ್ಕೆಟ್ಟಿನವರು, ಪ್ರಶ್ನೆ ಮುಗಿಯುವ ಮೊದಲೇ.

ಹೆಂಗಸಿನ ಬೆರಳು ಆ ಒಂದು ಕೀಯ ಹತ್ತಿರ ಹೋಯಿತು. ಅವರ ಕೀಬೋರ್ಡಿನಲ್ಲೂ ಅದು ಅರ್ಧ ಸವೆದಿತ್ತು.

“ಇತ್ತು,” ಎಂದೆ ನಾನು. “ಹೌದು ಅಂತ ಬರೆಯಿರಿ. ನಾಲ್ಕು ವರ್ಷದಿಂದ, ಹೃದಯ.”

ಹೆಂಗಸು ನಮ್ಮಿಬ್ಬರ ಮುಖವನ್ನೂ ನೋಡಿದರು. ನಾನು ಕೀಬೋರ್ಡನ್ನೇ ನೋಡುತ್ತಾ ನಿಂತೆ. ನೂನ್, ಐನ್, ಮೀಮ್. ಒತ್ತಲು ಒಂದು ಕ್ಷಣವೂ ಹಿಡಿಯಲಿಲ್ಲ.